ಓಡಿಹೋದವರನ್ನು ಕರೆದುಕೊಳ್ಳುವುದು

ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ರಂಗನಾಥಸ್ವಾಮಿ ಬರೀ ದೇವರಲ್ಲ, ಭಾವ. ಕುಸುಮಾಲೆ ಎಂಬ ಸೋಲಿಗರ ಹುಡುಗಿಯನ್ನು ಮೆಚ್ಚಿ ಹಾರಿಸಿಕೊಂಡು ಹೋದವನು ಅವನು. ಮನೆಮಗಳನ್ನು ಕರೆದೊಯ್ದ ಮೇಲೆ ನೆಂಟನೇ ತಾನೆ? ಬೈಯುವ ಸಲುಗೆಯೂ ಬಂತು, ಕೈಮುಗಿಯುವ ಭಕ್ತಿಯೂ ಉಳಿಯಿತು. ಇದೇ ಸ್ವಾಮಿಗೆ ಬೂದಿತಿಟ್ಟಿನ ಮಾದಿಗರು ಚರ್ಮದ ದೊಡ್ಡ ಪಾದುಕೆ ಮಾಡಿ ಒಪ್ಪಿಸುತ್ತಾರೆ. ಕಾಡು ಸುತ್ತಿ ಸುತ್ತಿ ಅವನು ಅದನ್ನು ಸವೆಸುತ್ತಾನಂತೆ. ಚರ್ಮ ಹದ ಮಾಡುವ ಕೈಯನ್ನು ಹೊಸಿಲಾಚೆ ನಿಲ್ಲಿಸಿದ ನಾಡಿನಲ್ಲೇ ಇದೂ ನಡೆದುಕೊಂಡು ಬಂದಿದೆ.

ನನ್ನ ಮನಸ್ಸು ನಿಲ್ಲುವುದು ಆ ಹಾರಿಸಿಕೊಂಡು ಹೋದ ಮಾತಿನ ಮೇಲೆ. ಸೋಲಿಗರಿಗೂ ಕಟ್ಟಳೆ ಇದೆ, ಒಂದೇ ಕುಲದೊಳಗೆ ಮದುವೆ ಸಲ್ಲದು. ಆದರೆ ಬೇರೆ ಬೇರೆ ಕುಲದ ಹುಡುಗ ಹುಡುಗಿ ಒಪ್ಪಿ ಕಾಡಿಗೆ ಓಡಿಹೋದರೆ ಅದೂ ಮದುವೆಯ ಒಂದು ಬಗೆಯೇ. ಮರಳಿದಾಗ ಹಿರಿಯರು ನ್ಯಾಯಕ್ಕೆ ಕೂರುತ್ತಾರೆ, ಒಂದಿಷ್ಟು ದಂಡ ಹಾಕುತ್ತಾರೆ, ಊಟ ಹಾಕಿಸುತ್ತಾರೆ. ಅಲ್ಲಿಗೆ ಮುಗಿಯಿತು, ಪೋಡು ಎನ್ನುವ ತಮ್ಮ ಹಾಡಿಯಲ್ಲಿ ಜೋಡಿ ಎಲ್ಲರೊಳಗೊಂದಾಗುತ್ತದೆ. ಇದೆಲ್ಲ ಅವರವರೊಳಗೇ ನಡೆಯುವುದು, ನಿಜ. ಆದರೂ ಮಕ್ಕಳು ಹಿಂದಿರುಗಲು ಒಂದು ದಾರಿ ಇಟ್ಟಿದ್ದಾರಲ್ಲ, ಅದು ದೊಡ್ಡದು.

ಬಯಲಿನ ನಾವು ಆ ದಾರಿಯನ್ನೇ ಮುಚ್ಚಿದ್ದೇವೆ. ಜಾತಿ ಬಿಟ್ಟು ಮದುವೆಯಾಗುವವರು 1954ರ ವಿಶೇಷ ವಿವಾಹ ಕಾಯ್ದೆಯ ಕೆಳಗೆ ಅರ್ಜಿ ಕೊಟ್ಟರೆ, ಹೆಸರು ವಿಳಾಸವಿರುವ ನೋಟಿಸು ಕಚೇರಿಯ ಗೋಡೆಗೆ ಬೀಳುತ್ತದೆ. 30 ದಿನ ಕಾಯಬೇಕು. ಆ 30 ದಿನದಲ್ಲಿ ಊರಿಗೆ ಸುದ್ದಿ ಮುಟ್ಟುತ್ತದೆ, ಮಾವ ಚಿಕ್ಕಪ್ಪಂದಿರು ಜೀಪು ಮಾಡಿಕೊಂಡು ಬರುತ್ತಾರೆ. ರಕ್ಷಣೆಗೆಂದು ಬಂದ ಕಾನೂನೇ ಮಕ್ಕಳನ್ನು ಹಿಡಿದುಕೊಟ್ಟಂತಾಗುತ್ತದೆ. ಆ ನೋಟಿಸು ಹೋಗಲೇಬೇಕು.

ಅಂಬೇಡ್ಕರರು 1936ರಲ್ಲೇ ಬರೆದರು: ಜಾತಿ ಒಡೆಯಲು ನಿಜವಾದ ಮದ್ದು ಅಂತರ್ಜಾತಿ ವಿವಾಹ, ಸಹಭೋಜನ ಸಾಲದು ಎಂದು. ಸಹಭೋಜನ ಹೋಟೆಲಿನಲ್ಲಿ, ರೈಲಿನಲ್ಲಿ ತಾನಾಗಿಯೇ ಎಷ್ಟೋ ನಡೆದುಹೋಯಿತು. ಮದುವೆ ಮಾತ್ರ ಅಲ್ಲೇ ನಿಂತಿದೆ. 2011-12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯಲ್ಲಿ ಜಾತಿಯಾಚೆ ಮದುವೆಯಾದವರು ನೂರಕ್ಕೆ ಐದರ ಆಸುಪಾಸು. ಕುವೆಂಪು ಮಂತ್ರಮಾಂಗಲ್ಯ ಎಂಬ ಸರಳ ಮದುವೆಯ ಕ್ರಮ ಕೊಟ್ಟರು, 1966ರಲ್ಲಿ ಮಗ ತೇಜಸ್ವಿಯ ಮದುವೆಯನ್ನು ಅದರಂತೆಯೇ ಮಾಡಿದರು. ಪುರೋಹಿತರಿಲ್ಲ, ವರದಕ್ಷಿಣೆಯಿಲ್ಲ. ಇವತ್ತಿಗೂ ನನಗೆ ಅದಕ್ಕಿಂತ ಘನವಾದ ಮದುವೆ ಕಾಣದು.

ಜಾತಿ ಬಿಟ್ಟು ಆಗುವ ಮದುವೆಯೇನೋ ಒಂದು ದಿನದ್ದು. ಆಮೇಲೆ? ಹೆರಿಗೆಗೆ ತವರಿಲ್ಲ, ಮಗುವಿನ ನಾಮಕರಣಕ್ಕೆ ಸೋದರಮಾವನಿಲ್ಲ. ಫೋನಿನಲ್ಲಿ ಅಮ್ಮ ಕದ್ದು ಮಾತಾಡುತ್ತಾಳೆ, ಅಪ್ಪ ಒಳಗೆ ಬಂದ ಸದ್ದಾದರೆ ಇಟ್ಟುಬಿಡುತ್ತಾಳೆ. ಒಬ್ಬರು ದಲಿತರಾಗಿರುವ ಅಂತರ್ಜಾತಿ ಜೋಡಿಗಳಿಗೆ ಸರ್ಕಾರ ಪ್ರೋತ್ಸಾಹಧನ ಕೊಡುತ್ತದೆ. ಕೊಡಲಿ, ಮನೆ ಹೂಡಲು ದುಡ್ಡು ಬೇಕೇಬೇಕು. ಆದರೆ ಗೌರಿ ಹಬ್ಬಕ್ಕೆ ತವರಿನಿಂದ ಬರುವ ಬಾಗಿನವನ್ನು ಯಾವ ಇಲಾಖೆಯೂ ಮಂಜೂರು ಮಾಡಲಾರದು. ಅದಕ್ಕೆ ಅಣ್ಣನೋ ತಮ್ಮನೋ ಮೊರ ಹಿಡಿದು ಬಸ್ಸು ಹತ್ತಬೇಕು.