ಇಂಟರ್ನೆಟ್ಟಿನ ಪೌತಿ ಖಾತೆ

ಸತ್ತವರ ಹೆಸರಿನಲ್ಲಿ ಪಹಣಿ ಇರುವುದು ನಮಗೇನೂ ಹೊಸದಲ್ಲ. ಅಜ್ಜ ತೀರಿಕೊಂಡು ಮೂವತ್ತು ವರ್ಷವಾಗಿರುತ್ತದೆ. ಮಕ್ಕಳು ಭಾಗ ಮಾಡಿಕೊಂಡು, ಒಬ್ಬ ತನ್ನ ಪಾಲು ಮಾರಿ, ಕೊಂಡವನು ಅಡಿಕೆ ಹಾಕಿ ಫಸಲೂ ಎತ್ತಿರುತ್ತಾನೆ. ಕಾಗದದಲ್ಲಿ ಮಾತ್ರ ಅಜ್ಜನೇ ಇನ್ನೂ ಉಳುತ್ತಿರುತ್ತಾನೆ. ಬ್ಯಾಂಕಿನವರು ಸಾಲಕ್ಕೆ ಪಹಣಿ ಕೇಳಿದ ದಿನ ಎಲ್ಲರಿಗೂ ಪೌತಿ ಖಾತೆಯ ನೆನಪಾಗುತ್ತದೆ. ಇದೆಲ್ಲ ಕಂದಾಯ ಇಲಾಖೆಯ ಜಾಡ್ಯ ಎಂದು ಬೆಂಗಳೂರಿನ ನಮ್ಮ ಟೆಕ್ಕಿ ಬಂಧುಗಳು ಮದುವೆ ಮನೆಯಲ್ಲಿ ಎಲೆ ಮುಂದೆ ಕೂತು ಭಾಷಣ ಬಿಗಿಯುವುದುಂಟು. ನೆಟ್‌ವರ್ಕ್ ಕೆಲಸದಲ್ಲೇ ತಲೆ ಹಣ್ಣಾದ ನಾನು ಆಗ ಹೋಳಿಗೆಯ ಕಡೆ ಗಮನ ಕೊಟ್ಟು ಸುಮ್ಮನಿರುತ್ತೇನೆ. ಅವರ ಕೈಯಲ್ಲಿರುವ ಫೋನಿಗೆ ಜೀವ ತುಂಬುವ ಇಂಟರ್ನೆಟ್ಟಿನಲ್ಲೂ ಖಾತೆ ಬದಲಾಗದ ಕಡತಗಳು ರಾಶಿ ಬಿದ್ದಿವೆ ಎಂದರೆ ಊಟದ ರುಚಿ ಕೆಡುತ್ತದೆ, ಅಷ್ಟೆ.

ಮೊದಲು ಜಮೀನಿನ ಅಳತೆ ಹೇಳಿಬಿಡುತ್ತೇನೆ. ಐಪಿ ವಿಳಾಸಗಳ ಹಳೆಯ ಪದ್ಧತಿಯಲ್ಲಿ, ಅಂದರೆ ಐಪಿವಿ4ರಲ್ಲಿ, ಇರುವುದು ಒಟ್ಟು 429 ಕೋಟಿ ಚಿಲ್ಲರೆ ನಂಬರು. ಒಂದು ಕಾಲಕ್ಕೆ ಇದು ದರಖಾಸ್ತು ಭೂಮಿಯ ಹಾಗೆ ಕೇಳಿದವರಿಗೆ ಸಿಗುತ್ತಿತ್ತು. ಅಮೆರಿಕದಲ್ಲಿ ಜಾನ್ ಪೋಸ್ಟೆಲ್ ಎಂಬ ಗಡ್ಡದ ವಿಜ್ಞಾನಿ ಲೆಕ್ಕ ಇಟ್ಟುಕೊಂಡು ಹಂಚುತ್ತಿದ್ದರು. ಎಂಐಟಿ ಎಂಬ ಒಂದೇ ಒಂದು ವಿದ್ಯಾಸಂಸ್ಥೆಗೆ 18ರಿಂದ ಶುರುವಾಗುವ ಅಷ್ಟೂ ವಿಳಾಸ ಹೋಯಿತು, 1.67 ಕೋಟಿ! ಹವ್ಯಾಸಿ ರೇಡಿಯೊದವರಿಗೆ, ನಾವು ಹ್ಯಾಮ್ ಎನ್ನುತ್ತೇವಲ್ಲ ಅವರಿಗೆ, 44ರ ಬ್ಲಾಕು ಪೂರ್ತಿ. 2011ರ ಫೆಬ್ರವರಿ 3ರಂದು ಕೇಂದ್ರದ ದಾಸ್ತಾನು ಮುಗಿದು, ಉಳಿದ ಕೊನೆಯ ಐದು ದೊಡ್ಡ ಬ್ಲಾಕುಗಳನ್ನು ಪ್ರಪಂಚದ ಐದು ಪ್ರಾದೇಶಿಕ ನೋಂದಣಿ ಸಂಸ್ಥೆಗಳಿಗೆ ತಲಾ ಒಂದರಂತೆ ಕೊಟ್ಟು ಕೈ ತೊಳೆದುಕೊಂಡರು. ಅದೇ ವರ್ಷ ದಿವಾಳಿಯಾಗಿದ್ದ ನಾರ್ಟೆಲ್ ಕಂಪನಿಯ 6,66,624 ವಿಳಾಸಗಳನ್ನು ಮೈಕ್ರೋಸಾಫ್ಟ್ 75 ಲಕ್ಷ ಡಾಲರಿಗೆ ಕೊಂಡಿತು. ಒಂದಕ್ಕೆ ಹನ್ನೊಂದೂ ಕಾಲು ಡಾಲರ್. ಅಲ್ಲಿಗೆ ದರಖಾಸ್ತು ಮುಗಿದು ಸೈಟು ವ್ಯಾಪಾರ ಶುರುವಾಯಿತು ಅನ್ನಿ.

ವ್ಯಾಪಾರ ನಡೆದಾಗ ಹೆಸರು ಬದಲಾಗುವುದಿಲ್ಲವೇ ಎಂದರೆ, ಆಗುತ್ತದೆ. ನಮ್ಮ ಏಷ್ಯಾ ಸೀಮೆಗೆ ಎಪಿನಿಕ್ ಎಂಬ ಕಚೇರಿ ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿದೆ. ಭಾರತದವರಿಗೆ ನಿಕ್ಸಿ ಅಡಿಯಲ್ಲಿ ಐಆರ್‌ಐಎನ್‌ಎನ್ ಇದೆ. ಇವರೆಲ್ಲ ಕಾಗದ ನೋಡಿ, ಶುಲ್ಕ ಪಡೆದು, ಒಡೆಯನ ಹೆಸರನ್ನು ಸರಿಯಾಗಿಯೇ ಬದಲಿಸುತ್ತಾರೆ. ಪೇಚು ಇರುವುದು ಇನ್ನೊಂದು ಪುಸ್ತಕದಲ್ಲಿ. ವಿಳಾಸ ಯಾರದ್ದು ಎಂದು ಬರೆಯುವ ಪುಸ್ತಕ ಒಂದು. ಆ ವಿಳಾಸಕ್ಕೆ ಯಾವ ನೆಟ್‌ವರ್ಕಿನ ಮೂಲಕ ದಾರಿ ಎಂದು ಬರೆಯುವ ಪುಸ್ತಕ ಇನ್ನೊಂದು. ಈ ಎರಡನೆಯದೇ ಇಂಟರ್ನೆಟ್ ರೂಟಿಂಗ್ ರಿಜಿಸ್ಟ್ರಿ, ನಮ್ಮ ಬಾಯಲ್ಲಿ ಐಆರ್‌ಆರ್. ಕ್ರಯವಾದಾಗ ಇದನ್ನು ತಿದ್ದಬೇಕೆಂಬುದು ಮಾರಿದವನಿಗೂ ಹೊಳೆಯುವುದಿಲ್ಲ, ಕೊಂಡವನಿಗೂ ಹೊಳೆಯುವುದಿಲ್ಲ, ನಡುವೆ ಕಮಿಷನ್ ತಿಂದ ಬ್ರೋಕರನಿಗಂತೂ ಮೊದಲೇ ಇಲ್ಲ.

ಈ ಎರಡನೇ ಪುಸ್ತಕ ಯಾಕೆ ಬೇಕಾಯಿತು? ನೆಟ್‌ವರ್ಕುಗಳು ಪರಸ್ಪರ ದಾರಿ ಹೇಳಿಕೊಳ್ಳುವ ಬಿಜಿಪಿ ಎಂಬ ಪದ್ಧತಿ ಹುಟ್ಟಿದ್ದು 1989ರಲ್ಲಿ, ಇಬ್ಬರು ಮೂವರು ಎಂಜಿನಿಯರುಗಳು ಊಟದ ಮೇಜಿನ ನ್ಯಾಪ್ಕಿನ್ ಮೇಲೆ ಗೀಚಿದ್ದರಿಂದ. ಎಲ್ಲರೂ ಎಲ್ಲರನ್ನೂ ಬಲ್ಲ ಕಾಲ ಅದು. "ಈ ವಿಳಾಸಗಳು ನನ್ನ ಹತ್ತಿರ ಇವೆ" ಎಂದು ಯಾವ ನೆಟ್‌ವರ್ಕ್ ಕೂಗಿದರೂ ನೆರೆಯವರು ನಂಬಿ, ಮುಂದಿನವರಿಗೂ ಕೂಗಿ ಹೇಳುತ್ತಿದ್ದರು. 1997ರ ಏಪ್ರಿಲ್ 25ರಂದು 7007 ಎಂಬ ನಂಬರಿನ ಒಂದು ನೆಟ್‌ವರ್ಕ್ ಕೈತಪ್ಪಿ ಪ್ರಪಂಚದ ಬಹುಪಾಲು ವಿಳಾಸಗಳು ತನ್ನವೇ ಎಂದು ಕೂಗಿ ಇಂಟರ್ನೆಟ್ಟಿನ ದೊಡ್ಡ ಭಾಗವನ್ನು ಮಲಗಿಸಿತು. 2008ರ ಫೆಬ್ರವರಿ 24ರಂದು ಪಾಕಿಸ್ತಾನ ಟೆಲಿಕಾಂ ತನ್ನ ದೇಶದೊಳಗೆ ಯೂಟ್ಯೂಬ್ ಮುಚ್ಚಲು ಹೋಗಿ, ಕೂಗು ಗಡಿ ದಾಟಿ, ಜಗತ್ತಿನ ಬಹುಭಾಗಕ್ಕೆ ಎರಡು ತಾಸಿನ ಹೊತ್ತು ಯೂಟ್ಯೂಬೇ ಇಲ್ಲದಂತಾಯಿತು. ಇಂಥದ್ದಕ್ಕೆ ಮದ್ದೆಂದರೆ ಕೂಗಿದ್ದನ್ನೆಲ್ಲ ನಂಬದೆ ಪಟ್ಟಿ ನೋಡಿ ಒಳಗೆ ಬಿಡುವುದು. ಆ ಪಟ್ಟಿಗಾಗಿಯೇ ಈ ಎರಡೂ ಅವಘಡಗಳಿಗೆ ಮೊದಲೇ, ತೊಂಬತ್ತರ ದಶಕದ ನಡುವೆ, ಅಮೆರಿಕದ ಮಿಶಿಗನ್‌ನಲ್ಲಿ ಮೆರಿಟ್ ಸಂಸ್ಥೆ ಆರ್‌ಎಡಿಬಿ ಎಂಬ ಪುಸ್ತಕ ತೆರೆದಿತ್ತು. ಇದರ ಜೊತೆಗೆ ಆಲ್ಟ್‌ಡಿಬಿ, ಎನ್‌ಟಿಟಿಯದು, ಯುರೋಪಿನ ರೈಪ್‌ನದು ಎಂದು ಪುಸ್ತಕಗಳು ಬೆಳೆದವು. ಒಬ್ಬರ ಪುಸ್ತಕವನ್ನು ಇನ್ನೊಬ್ಬರು ನಕಲು ಮಾಡಿಟ್ಟುಕೊಳ್ಳುವುದೂ ಶುರುವಾಯಿತು.

ಅಲ್ಲೊಂದು ಎಡವಟ್ಟು ನೋಡಿ. ನಮ್ಮ ತಾಲ್ಲೂಕು ಕಚೇರಿಯಲ್ಲಿ ಎಷ್ಟೇ ಅವಾಂತರವಿದ್ದರೂ ಪಕ್ಕದ ಹೊಲದ ಪಹಣಿಯನ್ನು ನಾನೇ ಕೂತು ಬರೆಯಲಾಗುವುದಿಲ್ಲ. ಆರ್‌ಎಡಿಬಿಯಂಥ ಕಡೆ ವರ್ಷದ ಚಂದಾ ಕಟ್ಟಿ ಮೇಂಟೇನರ್ ಖಾತೆ ತೆರೆದವನು ಬಹುಕಾಲ ಯಾರ ವಿಳಾಸಕ್ಕೆ ಬೇಕಾದರೂ ರೂಟ್ ಆಬ್ಜೆಕ್ಟ್, ಅಂದರೆ ದಾರಿಯ ದಾಖಲೆ, ಬರೆಯಬಹುದಿತ್ತು. ದೊಡ್ಡ ಕಂಪನಿಗಳು ತಮ್ಮ ಸಣ್ಣ ಗಿರಾಕಿಗಳ ಪರವಾಗಿ ತಾವೇ ಸಾವಿರಗಟ್ಟಲೆ ಬರೆದು ಒಟ್ಟಿದವು. ಗಿರಾಕಿ ಬಿಟ್ಟು ಹೋದ, ಕಂಪನಿಯನ್ನು ಬೇರೆ ಕಂಪನಿ ನುಂಗಿತು, ಬರೆದ ಎಂಜಿನಿಯರ್ ನಿವೃತ್ತನಾದ. ಬರೆದದ್ದು ಮಾತ್ರ ಗಟ್ಟಿಯಾಗಿ ಕೂತಿದೆ.

ಹಾಸನದ ಕಡೆಯ ಗೌಡರೊಬ್ಬರಿದ್ದಾರೆ. ಮೊದಲು ಕೇಬಲ್ ಟಿವಿ, ಈಗ ಮನೆಮನೆಗೆ ಫೈಬರ್. ಬ್ರೋಕರ್ ಮೂಲಕ ಒಂದು /24, ಅಂದರೆ 256 ವಿಳಾಸ ಕೊಂಡಿದ್ದರು. ಒಂದು ಬೆಳಿಗ್ಗೆ ಫೋನು.

"ಸಾರ್, ನಮ್ಮ ಬ್ಲಾಕನ್ನ ಅಪ್‌ಸ್ಟ್ರೀಮ್‌ನೋರು ತಗೋತಿಲ್ಲ. ಐಆರ್‌ಆರ್ ಸರಿ ಇಲ್ಲ ಅಂತಾರೆ. ರಿಜಿಸ್ಟ್ರಿಲಿ ನಮ್ಮ ಹೆಸರೇ ಇದೆಯಲ್ಲ ಸಾರ್?"

"ಅದು ಬೇರೆ, ಇದು ಬೇರೆ ಗೌಡ್ರೆ."

"ದುಡ್ಡು ಪೂರ್ತಿ ಕೊಟ್ಟಾಗಿದೆ ಸಾರ್!"

ಪುಸ್ತಕದ ದಾಖಲೆ ತೋರಿಸುವ ಹೂಈಸ್ ಹಾಕಿ ನೋಡಿದೆ. ಬಂದದ್ದು ಹೀಗೆ, ಗೌಡರ ನಿಜವಾದ ನಂಬರಿನ ಬದಲು ಪಾಠಕ್ಕೆಂದೇ ಮೀಸಲಿಟ್ಟ ನಂಬರುಗಳನ್ನು ಹಾಕಿದ್ದೇನೆ:

ರೂಟ್: 203.0.113.0/24
ಒರಿಜಿನ್: ಎಎಸ್64500
ಚೇಂಜ್ಡ್: 20030614
ಸೋರ್ಸ್: ಆರ್‌ಎಡಿಬಿ

2003ರ ಜೂನ್ 14ರಂದು ಯಾವುದೋ ದೇಶದ ಯಾವುದೋ ಎಂಜಿನಿಯರ್ ಟೈಪಿಸಿ ಎದ್ದು ಹೋದದ್ದು. ಒರಿಜಿನ್ ಎಂದರೆ ಈ ವಿಳಾಸವನ್ನು ಕೂಗಲು ಹಕ್ಕಿರುವ ನೆಟ್‌ವರ್ಕ್. ಅಲ್ಲಿ ಗೌಡರ ನಂಬರ್ ಇಲ್ಲ. ಅಪ್‌ಸ್ಟ್ರೀಮ್‌ನವರ, ಅಂದರೆ ಗೌಡರಿಗೆ ಇಂಟರ್ನೆಟ್ ಕೊಡುವ ಮೇಲಿನ ಕಂಪನಿಯವರ, ಯಂತ್ರ ಇದೇ ಪಟ್ಟಿಯಿಂದ ತಂತಾನೇ ಫಿಲ್ಟರ್ ಕಟ್ಟುತ್ತದೆ. ಅದಕ್ಕೆ ಗೌಡರೂ ಗೊತ್ತಿಲ್ಲ, ಅವರು ಕೊಟ್ಟ ದುಡ್ಡೂ ಗೊತ್ತಿಲ್ಲ. ಹೊಸ ರೂಟ್ ಆಬ್ಜೆಕ್ಟ್ ಬರೆಯುವುದೇನೂ ದೊಡ್ಡ ಕೆಲಸವಲ್ಲ, ಚಹಾ ಆರುವುದರೊಳಗೆ ಆಯಿತು. ಮರುದಿನ ಗೌಡರ ದಾರಿ ತೆರೆಯಿತು. ಅಷ್ಟಕ್ಕೇ ಜನ ಕೈ ಬಿಡುತ್ತಾರೆ. ಈ ಪುಸ್ತಕದಲ್ಲಿ ಒಂದೇ ಬ್ಲಾಕಿಗೆ ಎಷ್ಟು ದಾಖಲೆ ಬೇಕಾದರೂ ಇರಬಹುದು, ಹೊಸದು ಬಂದಿತೆಂದು ಹಳೆಯದು ಹೋಗುವುದಿಲ್ಲ. ನಾಳೆ ಆ ಹಳೆಯ ನೆಟ್‌ವರ್ಕಿನಲ್ಲಿ ಯಾರೋ ಹಳೆ ಕಾನ್ಫಿಗರೇಶನ್ ಏರಿಸಿ ಗೌಡರ ವಿಳಾಸವನ್ನು ಕೂಗಿದರೆ, ಫಿಲ್ಟರ್ ಅದನ್ನೂ ಮರ್ಯಾದೆಯಿಂದ ಒಳಗೆ ಬಿಡುತ್ತದೆ. ಸಕಲೇಶಪುರದ ಮನೆಯ ಟ್ರಾಫಿಕ್ ಯಾವ ಖಂಡಕ್ಕೆ ಹೋಗುತ್ತದೋ ದೇವರೇ ಬಲ್ಲ.   

ಹಳೆಯದನ್ನು ಅಳಿಸುವುದಕ್ಕೇ ನಿಜವಾದ ತಾಳ್ಮೆ ಬೇಕು. ಆ ದಾಖಲೆ ಬರೆದ ಮೇಂಟೇನರಿಗೆ ಮಾತ್ರ ಅದನ್ನು ತೆಗೆಯುವ ಅಧಿಕಾರ. ಮೇಲ್ ಹಾಕಿದರೆ ವಾಪಸ್ ಬಂತು. ಆ ಕಂಪನಿಯ ಡೊಮೇನ್ ಹೆಸರೇ ಮಾರಾಟಕ್ಕಿತ್ತು. ಆಗ ರಿಜಿಸ್ಟ್ರಿ ನಡೆಸುವವರಿಗೇ ಬರೆಯಬೇಕು: ಬ್ಲಾಕ್ ಇಂತಿಂಥದ್ದು, ಪ್ರಾದೇಶಿಕ ನೋಂದಣಿಯಲ್ಲಿ ಈಗ ಒಡೆಯರು ಇವರು, ನೋಂದಣಿಯಲ್ಲಿರುವ ಮೇಲ್‌ನಿಂದಲೇ ಬರೆಯುತ್ತಿದ್ದೇವೆ, ಹಳೆಯದನ್ನು ತೆಗೆಯಿರಿ. ಗೌಡರ ನೋಂದಾಯಿತ ಮೇಲ್ ಯಾವುದೆಂದರೆ ಅವರ ಭಾವಮೈದುನನ ಜಿಮೇಲ್. ಭಾವಮೈದುನ ಆಗ ಧರ್ಮಸ್ಥಳದಲ್ಲಿ. ಮೂಲ ಪುಸ್ತಕದಲ್ಲೇ ಅಳಿಸಬೇಕು ಎಂಬುದೂ ನೆನಪಿರಲಿ. ನಕಲು ಇಟ್ಟುಕೊಂಡವರಿಗೆ ಎಷ್ಟು ಬರೆದರೂ ಪ್ರಯೋಜನವಿಲ್ಲ, ಮೂಲದಲ್ಲಿ ಹೋದರೆ ನಕಲಿನಲ್ಲಿ ತಾನಾಗಿ ಹೋಗುತ್ತದೆ.

ಪುಸ್ತಕದಲ್ಲಿ ತಪ್ಪು ದಾಖಲೆ ಇದ್ದರೆ ಏನು ಮಹಾ ನಷ್ಟ ಎನ್ನುವವರಿಗೆ ಹ್ಯಾಮ್‌ಗಳ 44ರ ಕಥೆ ಹೇಳುತ್ತೇನೆ. 2019ರಲ್ಲಿ ಅವರು ಆ ಬ್ಲಾಕಿನ ಕಾಲು ಭಾಗ, ಸುಮಾರು 42 ಲಕ್ಷ ವಿಳಾಸ, ಅಮೆಜಾನಿಗೆ ಮಾರಿದರು. ಬಂದದ್ದು ಹತ್ತು ಕೋಟಿ ಡಾಲರಿಗೂ ಮೇಲೆ. ಹಲವು ಹ್ಯಾಮ್‌ಗಳು ಪಿತ್ರಾರ್ಜಿತ ಮಾರಿದರೆಂದು ಕೂಗಾಡಿದರು, ಅದಿರಲಿ. 2022ರ ಆಗಸ್ಟಿನಲ್ಲಿ ಅದೇ ಮಾರಿದ ಭಾಗದ ಒಂದು /24 ಮೇಲೆ ಕಳ್ಳರ ಕಣ್ಣು ಬಿತ್ತು. ಆಲ್ಟ್‌ಡಿಬಿಯಲ್ಲಿ ಅಮೆಜಾನ್ ತಮ್ಮ ಗಿರಾಕಿಯೆಂಬಂತೆ ಸುಳ್ಳು ದಾಖಲೆ ಬರೆದು, ಅದನ್ನು ನಂಬಿದ ಫಿಲ್ಟರ್ ದಾಟಿ, ಸೆಲರ್ ಬ್ರಿಡ್ಜ್ ಎಂಬ ಕ್ರಿಪ್ಟೋ ಸೇವೆಯ ಗಿರಾಕಿಗಳಿಂದ ಎರಡು ಲಕ್ಷ ಡಾಲರಿಗೂ ಹೆಚ್ಚು ಎಗರಿಸಿದರು. ಇದು ಹಳೆಯ ದಾಖಲೆಯ ತಪ್ಪಲ್ಲ, ಹೊಸದಾಗಿ ಬರೆದ ಸುಳ್ಳು, ನಿಜ. ಯಂತ್ರಕ್ಕೆ ಎರಡೂ ಒಂದೇ.

ಗುಡಿಸುವ ಕೆಲಸ ನಡೆದೇ ಇಲ್ಲವೆಂದಲ್ಲ. ರೈಪ್‌ನವರು 2018ರ ಸೆಪ್ಟೆಂಬರಿನಲ್ಲಿ ತಮ್ಮ ಸೀಮೆಗೆ ಸೇರದ ವಿಳಾಸಗಳ ದಾಖಲೆಗಳನ್ನೆಲ್ಲ ಬೇರೆ ಪುಸ್ತಕಕ್ಕೆ ದಬ್ಬಿ, ಹೊಸದನ್ನು ಬರೆಯುವುದಕ್ಕೆ ಬೀಗ ಹಾಕಿದರು. ಉತ್ತರ ಅಮೆರಿಕದ ಆರಿನ್ 2022ರಲ್ಲಿ ತನ್ನ ಅಂಥ ಪುಸ್ತಕವನ್ನೇ ಮುಚ್ಚಿತು. ಇದಕ್ಕಿಂತ ಗಟ್ಟಿಯಾದದ್ದು ಆರ್‌ಪಿಕೆಐ ಎಂಬ ಸಹಿ ಪದ್ಧತಿ. ವಿಳಾಸದ ಒಡೆಯನೇ ತನ್ನ ಡಿಜಿಟಲ್ ಸಹಿ ಹಾಕಿ, ಇಂಥ ನೆಟ್‌ವರ್ಕ್ ಮಾತ್ರ ಕೂಗಬಹುದೆಂದು ಬರೆಯುವ ಪತ್ರ ಆರ್‌ಒಎ. ಒಡೆತನ ಕೈ ಬದಲಾದರೆ ಹಳೆಯವನ ಸಹಿ ಸತ್ತುಹೋಗುತ್ತದೆ, ಯಾರಿಗೂ ಗೋಗರೆಯಬೇಕಿಲ್ಲ. ಐಆರ್‌ಆರ್‌ಡಿ ತಂತ್ರಾಂಶದ ನಾಲ್ಕನೇ ಆವೃತ್ತಿ ಬಳಸುವ ರಿಜಿಸ್ಟ್ರಿಗಳು ಆರ್‌ಒಎಗೆ ವಿರುದ್ಧವಾದ ಹಳೆಯ ರೂಟ್ ಆಬ್ಜೆಕ್ಟುಗಳನ್ನು ತಾವಾಗಿಯೇ ಮರೆಮಾಡಬಲ್ಲವು. ಆದರೂ ಅಮೆಜಾನಿನ ಹೆಸರನ್ನೇ ದಾರಿಯ ಬಾಲಕ್ಕೆ ಅಂಟಿಸಿಕೊಂಡು ಬಂದ ಆ 2022ರ ಕಳ್ಳರನ್ನು ಆರ್‌ಒಎ ತಡೆಯಲಿಲ್ಲ. ಪುಸ್ತಕ ಗುಡಿಸುವುದು ತಪ್ಪಿದ್ದಲ್ಲ.

ಗೌಡರ ಹಳೆಯ ದಾಖಲೆ ಕೊನೆಗೂ ಹೋಯಿತು, ಭಾವಮೈದುನ ಊರಿಗೆ ಬಂದ ಮೇಲೆ. ಬ್ಲಾಕ್ ಕೊಳ್ಳುವ ಯೋಚನೆಯಲ್ಲಿರುವ ಸಣ್ಣ ಐಎಸ್‌ಪಿ ಮಿತ್ರರಲ್ಲಿ ನನ್ನದೊಂದೇ ವಿನಂತಿ: ಕ್ರಯದ ಒಪ್ಪಂದದಲ್ಲಿ ಇನ್ನೊಂದು ಸಾಲು ಸೇರಿಸಿ. ಹಳೆಯ ರೂಟ್ ಆಬ್ಜೆಕ್ಟುಗಳನ್ನೆಲ್ಲ ಅಳಿಸಿಕೊಟ್ಟ ಮೇಲೆಯೇ ಕೊನೆಯ ಕಂತು. ಬ್ರೋಕರ್ ಮುಖ ಸಿಂಡರಿಸಿದರೆ ಸಿಂಡರಿಸಲಿ.