ಕುಂದಗೋಳದ ಆ ಬೆಳಗಿನ ಜಾವ

ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಸುಮಾರು 20 ಕಿಲೋಮೀಟರ್. ಬಸ್ಸು ಹತ್ತಿ ಕೂತು, ಅಕ್ಕಪಕ್ಕದವರ ಜೊತೆ ನಾಲ್ಕು ಮಾತಾಡುವಷ್ಟರಲ್ಲಿ ಊರು ಬಂದುಬಿಡುತ್ತದೆ. ಆದರೆ 1980ರ ದಶಕದ ಆರಂಭದಲ್ಲಿ, ನಾನು ಆರನೇ ಇಯತ್ತೆಯಲ್ಲಿದ್ದಾಗ, ಅಜ್ಜನ ಕೈ ಹಿಡಿದು ಅಲ್ಲಿಗೆ ಹೋದ ಪ್ರಯಾಣ ನನ್ನ ಪಾಲಿಗೆ ಕಾಶಿಯಾತ್ರೆಗಿಂತ ದೊಡ್ಡದು.

ಅದಕ್ಕೆ ಕಾರಣ ಅಜ್ಜನ ರೇಡಿಯೊ. ಸಂಜೆ ಧಾರವಾಡ ಆಕಾಶವಾಣಿ ಹಚ್ಚಿ, ಕಣ್ಣು ಮುಚ್ಚಿ ಕೂಡುವುದು ಅಜ್ಜನ ರೂಢಿ. ಒಂದು ದಿನ ಗಂಭೀರವಾದ, ಗುಡಿಯ ದೊಡ್ಡ ಗಂಟೆ ಬಾರಿಸಿದ ಹಾಗಿನ ದನಿಯೊಂದು ಕೇಳಿಬಂತು. ಆಟ ಬಿಟ್ಟು ಓಡಿ ಬಂದೆ.

"ಈ ಹಾಡೋ ಅಜ್ಜಾರು ಯಾರಜ್ಜ?"

ಅಜ್ಜ ನಕ್ಕುಬಿಟ್ಟರು. "ಅಜ್ಜಾರಲ್ಲವಾ ತಂಗಿ, ಅಜ್ಜಿಯಾರು! ನಮ್ಮ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರು."

ನನಗೆ ನಂಬಿಕೆಯೇ ಬರಲಿಲ್ಲ. ಅಂದಿನಿಂದ ಅವರ ಹಾಡು ಬರುತ್ತದೆಂದರೆ ರೇಡಿಯೊ ಮುಂದೆ ಮೊದಲು ಕೂಡುವವಳು ನಾನೇ. ಅರ್ಥವಾಗದಿದ್ದರೂ ಅವರ ಜೊತೆ ದನಿಗೂಡಿಸುತ್ತಿದ್ದೆ.

ಆ ವರ್ಷ ಆಗಸ್ಟ್ 15ರ ಹಾಡಿಗೆ ಶಾಲೆಯಲ್ಲಿ ತಾಲೀಮು ನಡೆದಿತ್ತು. ನನ್ನದು ಮೊದಲಿನಿಂದಲೂ ದಪ್ಪ ದನಿ. ಹಾಡು ಕಲಿಸುತ್ತಿದ್ದ ಅಕ್ಕೋರು ನನ್ನ ಮುಂದೆ ನಿಂತು, "ನಿಂದು ಗಂಡುದನಿ. ಹಿಂದಿನ ಸಾಲಿನ್ಯಾಗ ನಿಂದ್ರು. ದನಿ ತಗೀಬ್ಯಾಡ, ಬರೇ ತುಟಿ ಅಲ್ಲಾಡಸು" ಅಂದರು. ಎಲ್ಲರೂ ನಕ್ಕರು. ಸ್ವಾತಂತ್ರ್ಯ ದಿನದಂದು ನಾನು ಬರೀ ತುಟಿ ಅಲ್ಲಾಡಿಸಿದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಆದರೆ ರೇಡಿಯೊ ಜೊತೆ ಹಾಡುವುದನ್ನೂ ಬಿಟ್ಟೆ.

ಅಜ್ಜ ಏನೂ ಕೇಳಲಿಲ್ಲ. ಸೆಪ್ಟೆಂಬರ್ ಬಂದಾಗ ಒಂದು ದಿನ, "ಕುಂದಗೋಳಕ್ಕ ಬರ್ತೀಯೇನು? ಸವಾಯಿ ಗಂಧರ್ವರ ಪುಣ್ಯತಿಥಿ. ರಾತ್ರಿಯೆಲ್ಲಾ ಸಂಗೀತ. ಗಂಗೂಬಾಯಾರು ಹಾಡ್ತಾರ" ಅಂದರು.

ಅಜ್ಜಿ ಬುತ್ತಿ ಕಟ್ಟಿಕೊಟ್ಟಳು: ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ರಾತ್ರಿ ಚಳಿಗೆಂದು ಹಳೆಯ ಕೌದಿಯನ್ನೂ ಮಡಚಿ ಕೊಟ್ಟಳು. ಆಗ ಆ ಹಾದಿಯಲ್ಲಿ ಓಡುತ್ತಿದ್ದದ್ದು ಮೀಟರ್ ಗೇಜ್ ಗಾಡಿ. ಕಿಟಕಿಯ ಹೊರಗೆ ಎತ್ತ ನೋಡಿದರೂ ಮಳೆ ಕುಡಿದ ಎರೆಹೊಲ, ಹತ್ತಿ, ಮೆಣಸಿನಗಿಡ.

"ಇದೇ ಹಾದಿಯೊಳಗ ಬಾಯಾರು ಹುಬ್ಬಳ್ಳಿಯಿಂದ ಗುರುಗಳ ಮನೀಗೆ ರೈಲಿನಾಗ ಹೋಗಿ ಬರ್ತಿದ್ರು" ಎಂದು ಅಜ್ಜ ಶುರುಮಾಡಿದರು. ಗಂಗೂಬಾಯಿಯವರು 1913ರಲ್ಲಿ ಧಾರವಾಡದಲ್ಲಿ ಹುಟ್ಟಿದವರು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳ ಹಿಂದೂಸ್ತಾನಿ ಕಲಿಕೆಗೆ ಅಡ್ಡಿಯಾಗಬಾರದೆಂದು ಆ ತಾಯಿ ತನ್ನ ಹಾಡನ್ನೇ ಬಿಟ್ಟರಂತೆ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಎದುರು ಸ್ವಾಗತಗೀತೆ ಹಾಡಿದಾಗ ಗಂಗೂಬಾಯಿಯವರು ಹೆಚ್ಚುಕಡಿಮೆ ನನ್ನ ವಯಸ್ಸಿನವರೇ!

"ಆವಾಗೂ ದನಿ ಹಿಂಗ ಇತ್ತಾ ಅಜ್ಜ?"

"ಇಲ್ಲ. ಮೊದಮೊದಲಿನ ರೆಕಾರ್ಡಿನ್ಯಾಗ ತೆಳ್ಳನ ದನಿ. ಮುಂದ ಗಂಟಲಿಗೆ ತ್ರಾಸಾಗಿ, ಔಷಧ ಉಪಚಾರ ಆದ ಮ್ಯಾಲೆ ಹಿಂಗ ದಪ್ಪ ಆತು."

ನನ್ನ ಎದೆ ಧಸಕ್ಕೆಂದಿತು. "ಮತ್ತ… ಹಾಡೋದು ಬಿಟ್ರಾ?"

ಅಜ್ಜ ನನ್ನ ಮುಖ ನೋಡಿದರು. "ಬಿಟ್ಟಿದ್ರ ನಾವು ಈ ಗಾಡ್ಯಾಗ ಯಾಕ ಕೂಡ್ತಿದ್ವಿ ಹುಚ್ಚವ್ವಾ?"

ಕುಂದಗೋಳ ನಿಲ್ದಾಣದಲ್ಲಿ ಇಳಿದು ಊರೊಳಗೆ ನಡೆಯುವಷ್ಟರಲ್ಲಿ ನನ್ನ ಚಪ್ಪಲಿಗೆ ಎರೆಮಣ್ಣು ಮೆತ್ತಿ, ಅದು ಎರಡು ಸೇರು ತೂಕವಾಗಿತ್ತು. ನಾಡಗೀರರ ವಾಡೆ ಕಂಡಿತು. ದಪ್ಪ ಗೋಡೆ, ಮರದ ಕಂಬಗಳ ಸಾಲು, ಕೆಳಗೆ ಹಾಸಿದ ಜಮಖಾನೆ. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ಬಂದು ತಂಗುತ್ತಿದ್ದ ಮನೆ ಅದು. ಅವರ ಶಿಷ್ಯ ರಾಮಭಾವು ಕುಂದಗೋಳಕರರೇ ಮುಂದೆ ಸವಾಯಿ ಗಂಧರ್ವರೆಂದು ಹೆಸರಾದರು, 1952ರಲ್ಲಿ ತೀರಿಕೊಂಡರು. ಗದುಗಿನಿಂದ ಬಂದ ಭೀಮಸೇನ ಜೋಶಿಯವರು ನೀರು ಹೊತ್ತು, ಗುರುಸೇವೆ ಮಾಡಿ ವಿದ್ಯೆ ಕಲಿತದ್ದೂ ಇದೇ ಊರಲ್ಲಿ, ಇದೇ ಗುರುಗಳ ಬಳಿ.

ಟಿಕೆಟ್ಟಿಲ್ಲ, ಕುರ್ಚಿಯಿಲ್ಲ. ರುಮಾಲು ಸುತ್ತಿದ ರೈತರು, ಮಾಸ್ತರರು, ಕೂಸು ಮಲಗಿಸಿಕೊಂಡ ತಾಯಂದಿರು, ಎಲ್ಲರೂ ನೆಲದ ಮೇಲೆ. ಒಬ್ಬರಾದ ಮೇಲೆ ಒಬ್ಬರು ಹಾಡಿದರು. ಹನ್ನೆರಡಾಯಿತು, ಎರಡಾಯಿತು. ನನ್ನ ಕಣ್ಣು ಎಳೆಯತೊಡಗಿತು. "ನೀ ಮಲಕೋ, ಬಾಯಾರು ಬಂದಕೂಡಲೆ ಎಬ್ಬಸ್ತೀನಿ" ಎಂದು ಅಜ್ಜ ಮಾತು ಕೊಟ್ಟರು. ಕೌದಿ ಹೊದ್ದು ಕಂಬಕ್ಕೆ ಒರಗಿದೆ.

ಎಚ್ಚರವಾದದ್ದು ತಂಬೂರಿಯ ದನಿಗೆ. ವೇದಿಕೆಯ ಮೇಲೆ ತಂತಿ ಕೂಡಿಸುತ್ತಿದ್ದರು. ಪಕ್ಕಕ್ಕೆ ನೋಡಿದರೆ ನನ್ನನ್ನು ಎಬ್ಬಿಸಬೇಕಾದ ಅಜ್ಜ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಾರೆ! "ಅಜ್ಜ, ಏಳು! ಬಂದ್ರು!" ಎಂದು ನಾನೇ ಅಲ್ಲಾಡಿಸಿ ಎಬ್ಬಿಸಿದೆ.

ಅಷ್ಟು ದೊಡ್ಡ ದನಿಯವರು ಆಳೂ ಆನೆಯಂತಿರಬೇಕೆಂದು ನಾನು ಎಣಿಸಿದ್ದೆ. ಅಲ್ಲಿ ಕೂತಿದ್ದವರು ನಮ್ಮ ಓಣಿಯ ಯಾವುದೋ ಮನೆಯ ಅಜ್ಜಿಯ ಹಾಗಿದ್ದರು. ಸೆರಗು ಹೊದ್ದ ಸಣ್ಣ ದೇಹ, ಹಣೆಯಲ್ಲಿ ಕುಂಕುಮ, ಮಿಂಚುವ ಮೂಗುಬೊಟ್ಟು. ಹಿಂದೆ ಮಗಳು ಕೃಷ್ಣಾ ಹಾನಗಲ್ಲರು. ಗಂಗೂಬಾಯಿಯವರು ಒಂದು ಕೈ ಕಿವಿಯ ಬಳಿ ಹಿಡಿದು ಮೊದಲ ಷಡ್ಜ ಹಚ್ಚಿದರು.

ರೇಡಿಯೊದಲ್ಲಿ ಕಿವಿಗೆ ಕೇಳಿದ್ದು ಅಲ್ಲಿ ಮೈಗೆ ಕೇಳಿತು. ನಾನು ಒರಗಿದ್ದ ಕಂಬವೂ ಗುಂಯ್‌ಗುಟ್ಟಿದಂತೆ ಅನಿಸಿತು. "ಭೈರವ" ಎಂದು ಅಜ್ಜ ಪಿಸುಗುಟ್ಟಿದರು. ಅವಸರವೇ ಇಲ್ಲ. ಹೊಲದಲ್ಲಿ ಬೆಳಕು ಹರಡುವ ಹಾಗೆ ಒಂದೊಂದೇ ಸ್ವರ. ದಪ್ಪ ದನಿಯನ್ನು ಅವರು ತೆಳ್ಳಗೆ ಮಾಡಲು ಹೋಗಲಿಲ್ಲ, ಮುಚ್ಚಿಡಲೂ ಇಲ್ಲ. ಇದ್ದದ್ದನ್ನು ಇದ್ದ ಹಾಗೆ, ಪೂರಾ ತೆರೆದು ಹಾಡಿದರು. ಸುತ್ತ ನೋಡಿದೆ. ಯಾರೂ ನಗುತ್ತಿರಲಿಲ್ಲ. ಮುಂದೆ ಕೂತಿದ್ದ ಒಬ್ಬ ಮುದುಕರು ರುಮಾಲಿನ ತುದಿಯಿಂದ ಕಣ್ಣೊರೆಸಿಕೊಂಡರು.

ಮುಗಿದಾಗ ಬೆಳಕಾಗಿತ್ತು. ಕಾಲಿಗೆ ಬೀಳಬೇಕೆಂದು ಓಡಿದೆ. ಜನರ ನಡುವೆ ದಾರಿ ಸಿಗಲಿಲ್ಲ. ಅಂಗಳ ದಾಟಿ ಹೋಗುವಾಗ ಒಂದು ಮಾರು ದೂರದಿಂದ ಕಂಡರು. ಎತ್ತರದಲ್ಲಿ ನಮ್ಮ ಅಜ್ಜಿಯಷ್ಟೇ ಇದ್ದರು.

ವಾಡೆಯ ಹೊರಗೆ ಬಿಸಿ ಚಹಾ ಕುಡಿಯುತ್ತಾ ಅಜ್ಜನಿಗೆ ಶಾಲೆಯ ಸಂಗತಿ ಹೇಳಿದೆ. ಅಜ್ಜ ಸುಮ್ಮನೆ ಕೇಳಿದರು. "ಅಕ್ಕೋರು ಹೇಳಿದ್ದು ಸುಳ್ಳಲ್ಲ, ನಿನ್ನ ದನಿ ದಪ್ಪ ಐತಿ. ಆದರ ಅದಕ್ಕ ಬಾಯಿ ಯಾಕ ಮುಚ್ಚಬೇಕು?" ಅಂದರು, ಅಷ್ಟೇ.

ಸೋಮವಾರ ಪ್ರಾರ್ಥನೆಯಲ್ಲಿ ಹಿಂದಿನ ಸಾಲಿನಲ್ಲೇ ನಿಂತೆ. ತುಟಿ ಅಲ್ಲಾಡಿಸಲಿಲ್ಲ, ದನಿ ತೆಗೆದೆ. ಎರಡು ಹುಡುಗಿಯರು ಹೊರಳಿ ನೋಡಿದರು. ಅಕ್ಕೋರೂ ನೋಡಿದರು, ಏನೂ ಅನ್ನಲಿಲ್ಲ. ಮುಂದಿನ ಸಾಲಿಗೆ ನನ್ನನ್ನು ಯಾರೂ ಕರೆಯಲಿಲ್ಲ. ಹಿಂದಿನ ಸಾಲಿನಿಂದಲೇ ವರ್ಷವಿಡೀ ಹಾಡಿದೆ.

ನಾನು ಗಾಯಕಿಯಾಗಲಿಲ್ಲ. ಬ್ಯಾಂಕಿನಲ್ಲಿ ದುಡಿದೆ, ಆದರೆ ಹಾಡದೆ ರೊಟ್ಟಿ ಬಡಿದವಳಲ್ಲ. ಅಜ್ಜ ಈಗಿಲ್ಲ. 2009ರ ಜುಲೈ 21ರಂದು ಗಂಗೂಬಾಯಿಯವರೂ ಹೋದರು. ಗಾಡಿ ಬ್ರಾಡ್ ಗೇಜ್ ಆಗಿದೆ. ಕಳೆದ ಸಲ ಮೊಮ್ಮಗಳನ್ನು ಕರೆದುಕೊಂಡು ಕುಂದಗೋಳಕ್ಕೆ ಹೋಗಿದ್ದೆ. ವಾಡೆಯ ಕಂಬಕ್ಕೆ ಕಿವಿ ಹಚ್ಚಿ ನಿಂತ ನನ್ನನ್ನು ನೋಡಿ ಅವಳು, "ಏನ್ ಕೇಳಸ್ತದ ಅಜ್ಜಿ?" ಅಂದಳು.

"ನೀನೂ ಹಚ್ಚಿ ನೋಡು" ಅಂದೆ.

ಅವಳು ಕಿವಿ ಹಚ್ಚಿದಳು. ನಾನು ಮೆಲ್ಲಗೆ, ನನ್ನ ದಪ್ಪ ದನಿಯಲ್ಲಿ, ಷಡ್ಜ ಹಿಡಿದೆ.