ಎಷ್ಟು ಕುದುರೆ ಸಾಕು?

ಹಿಂದಿನ ಕಾಲದಲ್ಲಿ ಮನೆತನದ ಘನತೆಯನ್ನು ಬಾಗಿಲ ಮುಂದೆ ಕಟ್ಟಿದ ಎತ್ತು ಕುದುರೆಗಳಿಂದ ಅಳೆಯುತ್ತಿದ್ದರಂತೆ. ಈಗ ಬಾಗಿಲಲ್ಲಿ ನಿಲ್ಲುವುದು ಮೋಟಾರು. ಆದರೆ ಅಳತೆ ಮಾತ್ರ ಇನ್ನೂ ಕುದುರೆಯದೇ. “ನಿಮ್ಮ ಕಾರಿಗೆ ಎಷ್ಟು ಅಶ್ವಶಕ್ತಿ?” ಎಂದು ತರುಣರು ಕೇಳುವ ಧಾಟಿಯು, “ನಿಮಗೆ ಎಷ್ಟು ಎಕರೆ ಜಮೀನು?” ಎಂದು ಹಿರಿಯರು ಕೇಳುತ್ತಿದ್ದ ಧಾಟಿಯಂತೆಯೇ ಇರುತ್ತದೆ. ಈ ಪ್ರಶ್ನೆಯೇ ನಮ್ಮನ್ನು ಕಳೆದ ಮಾಗಿಯಲ್ಲಿ ಹೊಸಪೇಟೆಯ ಸೀಮೆಯಲ್ಲಿ ಮೂರು ದಿನ ತಿರುಗಿಸಿತು.

ನಮ್ಮ ಅಕ್ಕನ ಮಗನು ಬೆಂಗಳೂರಿನಲ್ಲಿ ಇಂಜಿನಿಯರು. ಅವನಿಗೆ 380 ಅಶ್ವಶಕ್ತಿಯ, ಇಬ್ಬರೇ ಕೂರತಕ್ಕ ಒಂದು ಸ್ಪೋರ್ಟ್ಸ್ ಕಾರಿನ ಮೇಲೆ ಮನಸ್ಸು ಹೋಗಿತ್ತು. ಕೊಳ್ಳುವುದಕ್ಕೆ ಮೊದಲು ನಡೆಸಿ ನೋಡುವೆನೆಂದು ಅಂಥದೊಂದನ್ನು ನಾಲ್ಕು ದಿನದ ಬಾಡಿಗೆಗೆ ತಂದಿದ್ದನು. ಕೊಳ್ಳಬೇಕಾದರೆ ತಂದೆ ಬಿಟ್ಟುಹೋದ ನಿವೇಶನವನ್ನು ಮಾರಬೇಕು. ಆ ನಿವೇಶನದಲ್ಲಿ ಒಂದು ಸಣ್ಣ ಮನೆ ಕಟ್ಟಿಸಿ ಕೊನೆಗಾಲವನ್ನು ಕಳೆಯಬೇಕೆಂಬುದು ಅಕ್ಕನ ಆಸೆ. “ನೀನಾದರೂ ಅವನಿಗೊಂದು ಮಾತು ಹೇಳಪ್ಪಾ” ಎಂದು ಅಕ್ಕ ನಮ್ಮನ್ನು ಬೇಡಿಕೊಂಡಳು. ಕಾಣದ ವಸ್ತುವನ್ನು ಹೊಗಳುವುದೂ ತೆಗಳುವುದೂ ತಪ್ಪೆಂದು, ಮೊದಲು ಅದರಲ್ಲಿ ಕುಳಿತು ನೋಡಲು ನಾವು ಒಪ್ಪಿದೆವು. ನಾವೂ ಹುಡುಗನೂ ಹೊಸ ಕಾರಿನಲ್ಲಿ. ಅಕ್ಕನನ್ನು ಕೂರಿಸಿಕೊಂಡು ನಮ್ಮ ಮನೆಯವರು 80 ಅಶ್ವಶಕ್ತಿಯ ನಮ್ಮ ಹಳೆಯ ಕಾರಿನಲ್ಲಿ. ಹೀಗೆ ಪ್ರಯಾಣ ಹೊರಟಿತು.

ಕೃಷ್ಣದೇವರಾಯನು ನಾಗಲಾಪುರವೆಂಬ ಹೆಸರಿನಿಂದ ಕಟ್ಟಿಸಿದ ಊರೇ ಇಂದಿನ ಹೊಸಪೇಟೆ. 2021ರಿಂದ ಇದು ವಿಜಯನಗರ ಜಿಲ್ಲೆಯ ಕೇಂದ್ರ. ಬೆಳಿಗ್ಗೆ ಒಗ್ಗರಣೆ ಮಂಡಕ್ಕಿ, ಮಿರ್ಚಿಗಳನ್ನು ತಿಂದು ಹೊರಬರುವಷ್ಟರಲ್ಲಿ ಹುಡುಗರ ಹಿಂಡು ಕಾರನ್ನು ಸುತ್ತುಗಟ್ಟಿತ್ತು. ನಮ್ಮ ಅಳಿಯನ ಮುಖ ಅರಳಿತು. ಆದರೆ ಊರು ದಾಟುವಾಗ ಆ ಅರಳಿದ ಮುಖವೇ ಬಾಡಿತು. ನೆಲಕ್ಕೆ ತಾಗುವಂತೆ ತಗ್ಗಾಗಿ ಕಟ್ಟಿದ ಆ ಕಾರು ಹಾದಿಯ ಪ್ರತಿಯೊಂದು ಉಬ್ಬಿನ ಮೇಲೂ ಹೊಟ್ಟೆ ಉಜ್ಜಿಕೊಂಡು ನರಳಿತು. ಒಂದೊಂದು ಉಬ್ಬು ಬಂದಾಗಲೂ ಹುಡುಗನು ಉಸಿರು ಬಿಗಿಹಿಡಿದು, ಬಸುರಿಯನ್ನು ಮೆಟ್ಟಿಲಿಳಿಸುವವನಂತೆ ಓರೆಯಾಗಿ ಇಳಿಸುತ್ತಿದ್ದನು. ಹಿಂದೆ ಬರುತ್ತಿದ್ದ ಹಳೆಯ ಕಾರು ಎಷ್ಟೋ ಸಲ ನಮಗಾಗಿ ಕಾದು ನಿಂತಿತು.

ಹಂಪೆಗೆ ಬಂದೆವು. ಕುದುರೆಯ ಲೆಕ್ಕ ಹಾಕುವವರು ಕಾಣಲೇಬೇಕಾದ ಊರು ಇದು. ಮಹಾನವಮಿ ದಿಬ್ಬದ ಕಲ್ಲುಪಟ್ಟಿಗಳಲ್ಲಿ ಆನೆ, ಒಂಟೆ, ನರ್ತಕಿಯರೊಡನೆ ಪರದೇಶದ ಉಡುಪಿನವರು ಕುದುರೆಗಳನ್ನು ಹಿಡಿದು ನಡೆಯುತ್ತಿರುವುದನ್ನು ಇಂದಿಗೂ ಕಾಣಬಹುದು. ಒಳ್ಳೆಯ ಕುದುರೆಗಳು ಕಡಲು ದಾಟಿ ಬರಬೇಕಾಗಿತ್ತು. 16ನೆಯ ಶತಮಾನದಲ್ಲಿ ಇಲ್ಲಿದ್ದ ಪೋರ್ಚುಗೀಸ್ ವರ್ತಕ ನೂನಿಜ್ ಎಂಬಾತನು, ಅರಸನು ವರ್ಷಕ್ಕೆ ಓರ್ಮಜ್ ಕಡೆಯವೂ ನಾಡತಳಿಯವೂ ಸೇರಿ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಬರೆದಿದ್ದಾನೆ. ಅದಕ್ಕಿಂತ ಹಿಂದಿನ ನರಸಿಂಹರಾಯನ ವಿಷಯವಾಗಿ ಆತನು ಹೇಳುವ ಸಂಗತಿ ಇನ್ನೂ ವಿಚಿತ್ರವಾದುದು. ಕಡಲಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಸಾಕು, ಬದುಕಿರುವ ಕುದುರೆಯ ಬೆಲೆಯನ್ನೇ ರಾಯನು ಕೊಡುತ್ತಿದ್ದನಂತೆ! ಇದನ್ನು ಹೇಳಿದಾಗ ಅಳಿಯನು ನಕ್ಕು, “ಹಾಗಾದರೆ ನನ್ನದೇನೂ ಹೊಸ ಹುಚ್ಚಲ್ಲ, ಮಾವ” ಎಂದನು. “ಅಲ್ಲ, ಆದರೆ ಅವನಿಗೆ ಯುದ್ಧವಿತ್ತು. ನಿನಗೆ ಯಾರ ಮೇಲೆ?” ಎಂದೆವು.

ವಿಜಯವಿಠ್ಠಲನ ಗುಡಿಗೆ ಸ್ವಂತ ವಾಹನಗಳನ್ನು ಬಿಡುವುದಿಲ್ಲ. ಗೆಜ್ಜಲ ಮಂಟಪದ ಬಳಿ ಕಾರುಗಳನ್ನು ನಿಲ್ಲಿಸಿ, ವಿದ್ಯುತ್ಕೋಶದಿಂದ ನಡೆಯುವ ಸಣ್ಣ ಬಂಡಿಯನ್ನು ಹತ್ತಿದೆವು. ನಡೆಸುತ್ತಿದ್ದವಳು ಒಬ್ಬ ಹೆಣ್ಣುಮಗಳು. ಸದ್ದಿಲ್ಲ, ಹೊಗೆಯಿಲ್ಲ, ಓಡುವವನು ಜೊತೆಗೂಡಬಹುದಾದಷ್ಟೇ ವೇಗ. ಕುದುರೆಗೊಂಬೆ ಮಂಟಪದ ಕಂಬಗಳ ಮೇಲಿನ ಸವಾರರನ್ನು ಕಣ್ತುಂಬ ನೋಡಲು ಆ ವೇಗವೇ ಹಿತವಾಗಿತ್ತು. ಗುಡಿಯ ಮುಂದಿನ ಕಲ್ಲಿನ ರಥವನ್ನು ವಾಚಕರು 50 ರೂಪಾಯಿಯ ನೋಟಿನ ಮೇಲೆ ಕಂಡೇ ಇರುತ್ತಾರೆ. ಅದರ ಮುಂದೆ ಈಗ ಇರುವುವು ಎರಡು ಆನೆಗಳು. ಅವುಗಳ ಹಿಂದೆ ಮೊದಲಿದ್ದ ಕುದುರೆಗಳ ಹಿಂಗಾಲು, ಬಾಲಗಳ ಗುರುತು ಉಳಿದಿದೆ. ಅಷ್ಟೊಂದು ಕುದುರೆಗಳನ್ನು ಕೊಂಡ ಊರಿನಲ್ಲಿ ರಥದ ಕುದುರೆಗಳೂ ನಿಲ್ಲಲಿಲ್ಲ.

ಮರುದಿನ ಸೊಂಡೂರಿಗೆ ಹೊರಟೆವು. ಘೋರ್ಪಡೆ ಮನೆತನದ ಈ ಸಂಸ್ಥಾನವು 1949ರಲ್ಲಿ ಭಾರತದಲ್ಲಿ ಸೇರಿತು. ಸುತ್ತಲೂ ಗುಡ್ಡ, ನಡುವೆ ಹಸುರು ಕಣಿವೆ, ಗುಡ್ಡವನ್ನು ಸೀಳಿ ಹರಿಯುವ ನಾರಿಹಳ್ಳ. ಆದರೆ ಇದು ಕಬ್ಬಿಣದ ಅದಿರಿನ ಸೀಮೆ. ದಾರಿಯ ಗಿಡಗಳ ಮೇಲೆಲ್ಲಾ ಕೆಂಧೂಳು. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದು, ಬಳಿಕ ಕಟ್ಟುಪಾಡಿನೊಡನೆ ಬಿಟ್ಟಿತು. ಅದಿರಿನ ಲಾರಿಗಳು ಈಗಲೂ ಎದುರಾಗುತ್ತವೆ.

ಕುಮಾರಸ್ವಾಮಿಯ ಬೆಟ್ಟವನ್ನೇರುವಾಗ ನಮ್ಮ ಪ್ರಶ್ನೆಗೆ ಲೆಕ್ಕದ ಉತ್ತರ ಹುಡುಕಿದೆವು. ಜೇಮ್ಸ್ ವಾಟನು ತನ್ನ ಉಗಿಯಂತ್ರವನ್ನು ಕುದುರೆಯೊಡನೆ ಹೋಲಿಸಲು ಕಲ್ಪಿಸಿದ ಅಳತೆಯೇ ಅಶ್ವಶಕ್ತಿ. ಸುಮಾರು 76 ಕಿಲೋಗ್ರಾಂ ಭಾರವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರು ಎತ್ತಿದರೆ ಅದು ಒಂದು ಅಶ್ವಶಕ್ತಿ, ಅಂದರೆ 746 ವಾಟ್. ನಮ್ಮ ಹಳೆಯ ಕಾರು ಜನರೊಡನೆ 1200 ಕಿಲೋಗ್ರಾಂ ತೂಗುವುದೆನ್ನೋಣ. ಹನ್ನೆರಡು ಮೀಟರಿಗೆ ಒಂದು ಮೀಟರು ಏರುವ ದಾರಿಯಲ್ಲಿ ಗಂಟೆಗೆ 36 ಕಿಲೋಮೀಟರು ವೇಗದಿಂದ ಹತ್ತಲು, ಚಕ್ರದ ಎಳೆತವೂ ಸೇರಿ, ಅದಕ್ಕೆ ಬೇಕಾದುದು 16-17 ಕುದುರೆ. ಸಮನೆಲದಲ್ಲಿ 80 ಕಿಲೋಮೀಟರು ವೇಗವನ್ನು ಉಳಿಸಿಕೊಂಡು ಹೋಗಲು ಹನ್ನೆರಡರಷ್ಟು ಸಾಕು. ಉಳಿದವೆಲ್ಲಾ ಲಾಯದಲ್ಲಿ ಹುಲ್ಲು ತಿನ್ನುವ ಕುದುರೆಗಳು!

“ಆದರೆ ಲಾರಿಯನ್ನು ದಾಟುವಾಗ?” ಎಂದು ಅಳಿಯನು ಕೇಳಿದನು. ಈ ಮಾತು ನ್ಯಾಯವಾದುದು. ಗಂಟೆಗೆ 40 ಕಿಲೋಮೀಟರಿನಿಂದ 80ಕ್ಕೆ ಏರಲು ಹಳೆಯ ಕಾರಿಗೆ ಏಳೆಂಟು ಸೆಕೆಂಡು ಬೇಕಾದರೆ ಇವನದಕ್ಕೆ ಮೂರು ಸಾಕು. ಅಷ್ಟು ಹೊತ್ತು ಎದುರು ದಾರಿಯಲ್ಲಿರುವ ಅಪಾಯವು ಕಡಿಮೆಯಾಗುತ್ತದೆ. ಸ್ವಲ್ಪ ಶಕ್ತಿ ಕೈಯಲ್ಲಿ ಉಳಿದಿರಬೇಕೆಂಬುದನ್ನು ನಾವು ಒಪ್ಪಿದೆವು. ಆದರೂ ತಿರುವುಗಳ ಆ ದಾರಿಯಲ್ಲಿ ಲಾರಿ ದಾಟಲು ಎಡೆ ಸಿಕ್ಕುದು ಎರಡೇ ಸಲ. ಬೆಟ್ಟದ ಮೇಲೆ ನಾವು ತಲುಪಿ ನಾಲ್ಕು ನಿಮಿಷವಾಗುವಷ್ಟರಲ್ಲಿ ಅಕ್ಕನ ಕಾರು ಬಂದು ನಿಂತಿತು. 300 ಕುದುರೆಗಳು ಹೆಚ್ಚಾಗಿ ಗಳಿಸಿದುದು ಆ ನಾಲ್ಕು ನಿಮಿಷ.

ಮೂರನೆಯ ದಿನ ಕಂಪ್ಲಿ. ಕಂಪಿಲರಾಯನೂ ಅವನ ಮಗ ಕುಮಾರರಾಮನೂ ದಿಲ್ಲಿಯ ಸೈನ್ಯದೊಡನೆ ಹೋರಾಡಿ ಮಡಿದ ಕಾಲ 1327ರ ಸುಮಾರು. ವಿಜಯನಗರವು ತಲೆಯೆತ್ತಿದುದು ಆಮೇಲೆ. ಈಗ ಅಲ್ಲಿ ಭತ್ತ, ಕಬ್ಬು, ಬಾಳೆಗಳ ಸಮೃದ್ಧಿ. ಆಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟಾಗ ಗಂಗಾವತಿಯ ಕಡೆಯ ಸೇತುವೆ ಮುಳುಗಿ ಸಂಚಾರ ನಿಲ್ಲುವುದುಂಟು. ನದಿಯ ದಡದಲ್ಲಿ ಕುಳಿತು ಹೊರಡುವಾಗ ಕತ್ತಲಾಗಿತ್ತು.

ಹಾದಿ ನೇರವಾಗಿ ಕಂಡುದರಿಂದ ಹುಡುಗನು ವೇಗವನ್ನು 90ಕ್ಕೆ ಏರಿಸಿದನು. ಆ ಯಂತ್ರಕ್ಕೆ ಅದು ನಡಿಗೆಯಷ್ಟೇ. ಒಳಗೆ ಕುಳಿತವರಿಗೆ ವೇಗವೇ ತಿಳಿಯಲಿಲ್ಲ. ಎದುರಿನಿಂದ ಒಂದು ಮೋಟಾರು ಸೈಕಲ್ಲಿನ ದೀಪ ಕಣ್ಣು ಕುಕ್ಕಿತು. ಅದು ಸರಿದೊಡನೆ ನಮ್ಮ ಮುಂದೆ ಒಂದು ಕರಿಯ ಗೋಡೆ! ಹಿಂದೀಪವಿಲ್ಲದೆ ಕಬ್ಬು ಹೇರಿಕೊಂಡು ಹೋಗುತ್ತಿದ್ದ ಟ್ರಾಕ್ಟರಿನ ಗಾಡಿ. ಬ್ರೇಕು ಕಿರುಚಿತು, ಕಾರು ಜಾರಿ ಓರೆಯಾಗಿ ನಿಂತಿತು. ಗಾಜಿಗೂ ಕಬ್ಬಿನ ತುದಿಗೂ ನಡುವೆ ಎರಡು ಮಾರು ಇದ್ದಿರಬಹುದು. ಹೊರೆಯ ಮೇಲೆ ಮಲಗಿದ್ದ ಹತ್ತು ಹನ್ನೆರಡು ವರ್ಷದ ಹುಡುಗನೊಬ್ಬನು ತಲೆಯೆತ್ತಿ ನಮ್ಮನ್ನು ನೋಡಿದನು. ಟ್ರಾಕ್ಟರು ನಿಲ್ಲದೆ ಮುಂದೆ ಸಾಗಿತು.

ಬಹಳ ಹೊತ್ತು ನಾವಿಬ್ಬರೂ ಮಾತಾಡಲಿಲ್ಲ. ಬಳಿಕ ಹುಡುಗನು ತಾನಾಗಿಯೇ ಲೆಕ್ಕ ಹೇಳಿದನು. 90 ಕಿಲೋಮೀಟರು ವೇಗದಲ್ಲಿ ಎಚ್ಚರಗೊಳ್ಳುವ ಒಂದು ಸೆಕೆಂಡಿನಲ್ಲೇ 25 ಮೀಟರು ಕಳೆಯುತ್ತದೆ. ನಿಲ್ಲಲು ಇನ್ನೂ 45, ಒಟ್ಟು 70. ತಗ್ಗಿಸಿದ ದೀಪವು ಚೆನ್ನಾಗಿ ತೋರುವುದು 50 ಮೀಟರಿನಷ್ಟು. 60ರ ವೇಗದಲ್ಲಾದರೆ 37 ಮೀಟರಿನೊಳಗೆ ನಿಲ್ಲಬಹುದಾಗಿತ್ತು. ಓಡಿಸುವ ಕುದುರೆಗಳು 380 ಇದ್ದರೂ ನೆಲವನ್ನು ಹಿಡಿದು ನಿಲ್ಲಿಸುವುದು ಅಂಗೈಯಗಲದ ನಾಲ್ಕು ರಬ್ಬರಿನ ತುಂಡುಗಳೇ. ಮುಂದೆ ಹೋಗುತ್ತಿದ್ದ ಟ್ರಾಕ್ಟರಿನ ಯಂತ್ರವು ಐವತ್ತು ಕುದುರೆಯ ಆಸುಪಾಸಿನದು. ಎಷ್ಟೋ ಟನ್ನು ಕಬ್ಬನ್ನು ಎಳೆದು ಅದು ಊರಿನ ಅನ್ನವನ್ನು ದುಡಿಯುತ್ತಿತ್ತು.

ಹೊರಡುವ ದಿನ ತುಂಗಭದ್ರೆಯ ಆಣೆಕಟ್ಟನ್ನು ನೋಡಿದೆವು. ಬಲದಂಡೆಯ ಎರಡು ವಿದ್ಯುದಾಗಾರಗಳ ಬಲ 72 ಮೆಗಾವಾಟ್. ಕುದುರೆಯ ಲೆಕ್ಕದಲ್ಲಿ ಸುಮಾರು 96,000. ಇಷ್ಟೆಲ್ಲಾ ಬಲವನ್ನು ತಡೆದು ನಡೆಸುವ ಆಣೆಗೆ 33 ಬಾಗಿಲುಗಳು. 2024ರ ಆಗಸ್ಟ್ 10ರ ರಾತ್ರಿ ಅವುಗಳಲ್ಲಿ 19ನೆಯದರ ಸರಪಳಿ ಕಡಿದು ಬಾಗಿಲು ಕೊಚ್ಚಿಹೋಯಿತು. ಹರಿಯುವ ನೀರಿನಲ್ಲೇ ತಡೆಹಲಗೆಗಳನ್ನಿಳಿಸಿ ಕಟ್ಟುವುದಕ್ಕೆ ಒಂದು ವಾರವೇ ಹಿಡಿಯಿತು. ಬಲವು ಎಷ್ಟಿದ್ದರೂ ಅದರ ಬೆಲೆ ಸರಪಳಿಯ ಗಟ್ಟಿತನದಷ್ಟೇ.

ಹಾಗಾದರೆ ಎಷ್ಟು ಸಾಕು? ಸಂಸಾರವನ್ನು ಕರೆದೊಯ್ಯುವ, ಒಂದು ಟನ್ನಿನ ಸುತ್ತಿನ ಕಾರಿಗೆ 80ರಿಂದ 100 ಅಶ್ವಶಕ್ತಿ ಧಾರಾಳವೆಂದು ನಮ್ಮ ಅಭಿಪ್ರಾಯ. ಓಡಿಸುವುದರ ಸುಖವನ್ನೇ ಬಯಸುವವರಿಗೂ ಉಪಾಯವುಂಟು. ಕುದುರೆ ಹೆಚ್ಚಿಸುವುದಕ್ಕಿಂತ ಭಾರ ತಗ್ಗಿಸುವುದು ಲೇಸು. ಜಪಾನಿನ ಮಜ್ದಾ ಕಂಪೆನಿಯವರು 1989ರಲ್ಲಿ ಹೊರತಂದ ಮಿಯಾಟಾ ಎಂಬ ಇಬ್ಬರ ಕಾರಿಗೆ ಇದ್ದುದು ಸುಮಾರು 116 ಅಶ್ವಶಕ್ತಿ. ತೂಕ ಟನ್ನಿಗಿಂತ ಕಡಿಮೆ. ಲೋಕದಲ್ಲಿ ಅದರಷ್ಟು ಮಾರಾಟವಾದ ಇಬ್ಬರ ಸ್ಪೋರ್ಟ್ಸ್ ಕಾರು ಬೇರೊಂದಿಲ್ಲ. ಇದನ್ನು ನಮಗೆ ತಿಳಿಸಿದವನು ಅಳಿಯನೇ.

ನಿವೇಶನ ಮಾರಬೇಡವೆಂದು ನಾವು ಅವನಿಗೆ ಹೇಳಲಿಲ್ಲ, ಹೇಳಬೇಕಾಗಿಯೂ ಬರಲಿಲ್ಲ. ಹೊರಡುವಾಗ ಅವನು ಬಾಡಿಗೆಯ ಕಾರಿನ ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸುತ್ತಾ ನಿಂತು, “ಅಮ್ಮಾ, ಮನೆಗೆ ಬಾಗಿಲು ಯಾವ ದಿಕ್ಕಿಗೆ ಇಡಿಸೋಣ?” ಎಂದು ಕೇಳಿದನು. ಅಕ್ಕ ಏನೂ ಹೇಳದೆ ಸೆರಗಿನಿಂದ ಆ ಕಾರಿನ ಮೇಲಿನ ಕೆಂಧೂಳನ್ನು ಒರೆಸತೊಡಗಿದಳು.